ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ: ಪೆರ್ಲ ಕಡೆಯ ವಾಚನಾಲಯದ ಕಂಪ್ಯೂಟರ್ ರಿಪೇರಿ

ಪವರ್ ಬಟನ್ ಒತ್ತಿದರೆ ಸಿಪಿಯು ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಎರಡು ಸೆಕೆಂಡು ಬಿಟ್ಟು ತಾನಾಗಿಯೇ ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಮಾನಿಟರ್ ಕಪ್ಪು. ಬೀಪ್ ಸದ್ದಿಲ್ಲ. ಪ್ಲಗ್ ಎಳೆಯುವ ತನಕ ಇದೇ ನಡೆಯುತ್ತಿರುತ್ತದೆ.

ಇದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಹತ್ತಿರದ ನಮ್ಮೂರ ವಾಚನಾಲಯದ ಕಂಪ್ಯೂಟರ್. ಚೆರ್ಕಳ–ಕಲ್ಲಡ್ಕ ರಸ್ತೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಪಕ್ಕದಲ್ಲಿ ಹಂಚಿನ ಮಾಡಿನ ಕಟ್ಟಡ. ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟಿನ ಮಳೆಯಲ್ಲಿ, ಅಲ್ಲಿ ಗೋಡೆ ಬೆವರುತ್ತದೆ, ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಕಂಪ್ಯೂಟರ್ ಕೈಕೊಟ್ಟಿದ್ದೂ ಆಟಿಯಲ್ಲೇ. ಪೇಟೆಯ ಒಂದು ಅಂಗಡಿಗೆ ಹೊತ್ತುಕೊಂಡು ಹೋದರು. ಅಲ್ಲಿ ಕವರ್ ತೆಗೆದು ಇಣುಕಿ ನೋಡಿ, 'ಬೋರ್ಡ್ ಪೋಯಿ, ಹೊಸತೇ ತಗೊಳ್ಳಿ' ಅಂದರಂತೆ. ಮೀಟರ್ ಇಟ್ಟು ನೋಡಿದರಾ ಅಂತ ಕೇಳಿದೆ. ಇಲ್ಲವಂತೆ.

ನನಗೆ ಒಪ್ಪಿಗೆಯಾಗದ್ದು ಅದೇ. ಬೋರ್ಡ್, ಅಂದರೆ ಒಳಗಿನ ಭಾಗಗಳೆಲ್ಲ ಕೂರುವ ಮದರ್‌ಬೋರ್ಡ್, ಹೋಗಿದೆ ಅನ್ನುವುದು ಎಲ್ಲ ಪರೀಕ್ಷೆ ಮುಗಿದ ಮೇಲೆ ಹೇಳಬೇಕಾದ ಮಾತು. ಅದಕ್ಕೆ ಮುಂಚೆ ಅಳೆದು ನೋಡಬೇಕಾದ ಜಾಗಗಳು ಬೇಕಾದಷ್ಟಿವೆ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್, ಸ್ವಲ್ಪ ತಾಳ್ಮೆ ಇದ್ದರೆ ಮನೆಯಲ್ಲೇ ನೋಡಬಹುದು. ನೋಡಿದ್ದನ್ನು ನೋಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಯಂತ್ರ ಹಳೆಯದು. 2011ರಲ್ಲಿ ಬಂದ ಇಂಟೆಲ್ ಎಚ್61 ಚಿಪ್‌ಸೆಟ್‌ನ ಬೋರ್ಡ್, ಎರಡನೇ ತಲೆಮಾರಿನ ಐ3 ಪ್ರೊಸೆಸರ್, 2 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹೊಸತು ತಗೊಂಡರೆ ಇದಕ್ಕಿಂತ ಎಷ್ಟೋ ಪಾಲು ವೇಗದ್ದು ಸಿಗುತ್ತದೆ, ಅದು ನಿಜ. ಆದರೆ ಇದರಲ್ಲಿ ಇರುವುದು ಅಂಗಡಿಯಲ್ಲಿ ಸಿಗುವುದಿಲ್ಲ. ವಾಚನಾಲಯದ ಪೂರ್ತಿ ಪುಸ್ತಕ ಪಟ್ಟಿ ಇದೆ. ಊರಿನ ಹಿರಿಯರು ನುಡಿ ತಂತ್ರಾಂಶದಲ್ಲಿ ಕೂತು ಟೈಪ್ ಮಾಡಿದ ತಾಳಮದ್ದಳೆಯ ಟಿಪ್ಪಣಿಗಳಿವೆ. ತಾಳಮದ್ದಳೆಯ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಹಳೆ ಕ್ಯಾಸೆಟ್‌ಗಳನ್ನು ಯಾರೋ ಪುಣ್ಯಾತ್ಮರು ಎಂಪಿ3 ಮಾಡಿ ಇದರಲ್ಲಿ ಹಾಕಿಟ್ಟಿದ್ದಾರೆ. ಆ ಕ್ಯಾಸೆಟ್‌ಗಳಿಗೆ ಈಗ ಬೂಷ್ಟು ಹಿಡಿದಿದೆ.

ಅದಕ್ಕೇ ಮೊದಲು ಮಾಡಿದ ಕೆಲಸ ಹಾರ್ಡ್ ಡಿಸ್ಕ್ ಬಿಚ್ಚಿದ್ದು. ವೋಲ್ಟೇಜ್ ಹೇಗಿದೆ ಅಂತ ಗೊತ್ತಿಲ್ಲದ ಯಂತ್ರವನ್ನು ಮತ್ತೆ ಮತ್ತೆ ಆನ್ ಮಾಡುವಾಗ ಡಿಸ್ಕ್ ಅದಕ್ಕೆ ಜೋಡಿಸಿ ಇರಬಾರದು. ಪವರ್ ಕೇಬಲ್, ಸಾಟಾ ಕೇಬಲ್ ಎರಡನ್ನೂ ತೆಗೆದು, ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಯಾವ ವಯರ್ ಎಲ್ಲಿತ್ತು ಅಂತ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡೆ. ಮುಂಭಾಗದ ಸ್ವಿಚ್ಚಿನ ಸಣ್ಣ ವಯರ್‌ಗಳ ಫೋಟೊ ಹತ್ತಿರದಿಂದ ತೆಗೆಯಿರಿ. ಜೋಡಿಸುವಾಗ ತಲೆ ತಿನ್ನುವುದು ಅವೇ.

ಗೋಡೆಯಿಂದ ಶುರು

ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ ಅಂತ ವಾಚನಾಲಯಕ್ಕೆ ಬರುವ ಮಕ್ಕಳು ತುಂಬ ಸಮಯದಿಂದ ಹೇಳುತ್ತಿದ್ದರು. ಯಾರೂ ತಲೆಗೆ ಹಾಕಿಕೊಂಡಿರಲಿಲ್ಲ. ನನಗೆ ಮಾತ್ರ ಅದು ದೊಡ್ಡ ಸುಳಿವು ಅನ್ನಿಸಿತು. ಮೀಟರನ್ನು ಎಸಿ ರೇಂಜಿಗೆ ಹಾಕಿ ಸಾಕೆಟ್ ಅಳೆದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 226 ವೋಲ್ಟ್. ಇದು ಸರಿ. ಫೇಸ್ ಮತ್ತು ಅರ್ತ್ ನಡುವೆ 140ರ ಆಸುಪಾಸು, ಅದೂ ಒಂದು ಕಡೆ ನಿಲ್ಲದೆ ಏರಿಳಿಯುತ್ತಿತ್ತು. ಅರ್ತ್ ಸರಿಯಿದ್ದರೆ ಈ ಎರಡು ಅಂಕಿಗಳು ಹೆಚ್ಚುಕಡಿಮೆ ಒಂದೇ ಇರಬೇಕು. ಅಂದರೆ ಸಾಕೆಟ್‌ನಲ್ಲಿ ಮೂರನೇ ತೂತು ಇತ್ತು, ಅರ್ತ್ ಇರಲಿಲ್ಲ.

ಜುಂ ಅನ್ನುವುದಕ್ಕೆ ಕಾರಣ ಇಷ್ಟೇ. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸುವ ಪೆಟ್ಟಿಗೆ) ಒಳಗೆ ಕರೆಂಟಿನ ಗಲೀಜು ಸೋಸುವ ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಕ್ಯಾಬಿನೆಟ್ಟಿನ ಲೋಹಕ್ಕೆ ಬರುತ್ತದೆ. ಅರ್ತ್ ಇದ್ದರೆ ಆ ಚೂರು ಕರೆಂಟು ಭೂಮಿಗೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಸುಮಾರು ಅರ್ಧ ವೋಲ್ಟೇಜಿನಲ್ಲಿ, ಅಂದರೆ ನೂರು ಚಿಲ್ಲರೆ ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಕರೆಂಟು ಅತಿ ಕಡಿಮೆ, ಆದ್ದರಿಂದ ಬರೀ ಜುಂ. ಆದರೂ ಇದನ್ನು ಹಾಗೇ ಬಿಡುವ ಹಾಗಿಲ್ಲ. ಮಕ್ಕಳು ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಮುಟ್ಟುವ ಯಂತ್ರ ಇದು. ಯುಎಸ್‌ಬಿ, ಮಾನಿಟರ್ ಕೇಬಲ್ ಚುಚ್ಚುವಾಗ ಆ ವೋಲ್ಟೇಜ್ ಬೋರ್ಡಿನ ಮೂಲಕವೂ ದಾರಿ ಹುಡುಕಬಹುದು.

ನಮ್ಮ ಕಡೆ ಮುರಕಲ್ಲಿನ ನೆಲ. ನೀರು ಬೇಗ ಬಸಿಯುತ್ತದೆ, ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗುತ್ತದೆ, ಆಗ ಅರ್ತ್ ದುರ್ಬಲ ಆಗುವುದು ಸಾಮಾನ್ಯ. ಆದರೆ ಆಟಿಯ ಮಳೆಯಲ್ಲೂ ಹೀಗಿದೆ ಅಂದರೆ ತಂತಿಯೇ ಎಲ್ಲೋ ಬಿಟ್ಟಿದೆ ಅಂತ ಅರ್ಥ. ಎಲೆಕ್ಟ್ರಿಶಿಯನ್ನರನ್ನು ಕರೆಸಿದೆವು. ಗುಂಡಿಯ ಹತ್ತಿರ ಕ್ಲಾಂಪ್ ಪೂರ್ತಿ ತುಕ್ಕು ಹಿಡಿದು, ತಂತಿ ಬರೀ ಒರಗಿಕೊಂಡು ನಿಂತಿತ್ತು. ಅವರು ಹೊಸ ಕ್ಲಾಂಪ್ ಹಾಕಿ ಬಿಗಿದ ಮೇಲೆ ಫೇಸ್–ಅರ್ತ್ 225ಕ್ಕೆ ಬಂತು. ಜುಂ ನಿಂತಿತು. ಕಂಪ್ಯೂಟರ್ ಮಾತ್ರ ಏಳಲಿಲ್ಲ. ಈ ಕೆಲಸ ಅದಕ್ಕಾಗಿ ಮಾತ್ರ ಮಾಡಿದ್ದೂ ಅಲ್ಲ.

ಮುಂದಿನದು ಬೇಗ ಮುಗಿಯುವ ಪರೀಕ್ಷೆ. ಕರಾವಳಿಯ ಗಾಳಿಗೆ ಕ್ಯಾಬಿನೆಟ್ಟಿನ ಪವರ್ ಸ್ವಿಚ್, ರಿಸೆಟ್ ಸ್ವಿಚ್ ಒಳಗೇ ತುಕ್ಕು ಹಿಡಿಯುತ್ತವೆ. ಇರುವೆ ಗೂಡು ಕಟ್ಟುವುದೂ ಉಂಟು. ರಿಸೆಟ್ ಸ್ವಿಚ್ ಒಳಗೆ ಅಂಟಿಕೊಂಡರೆ ಬೋರ್ಡ್ ಏಳುವುದೇ ಇಲ್ಲ. ಆದ್ದರಿಂದ ಎರಡರ ವಯರನ್ನೂ ಬೋರ್ಡಿನಿಂದ ಕಿತ್ತು, ಪವರ್ ಸ್ವಿಚ್ಚಿನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಅದೇ ಅರ್ಧ ಸುತ್ತು. ಸ್ವಿಚ್ಚಿನ ತಪ್ಪಲ್ಲ. ಹೀಟ್‌ಸಿಂಕಿನ ನಾಲ್ಕು ಕಾಲುಗಳನ್ನೂ ಒತ್ತಿ ನೋಡಿದೆ. ಈ ಇಂಟೆಲ್ ಕೂಲರ್‌ಗಳಲ್ಲಿ ಒಂದು ಕಾಲು ಮೇಲೆದ್ದು ಪ್ರೊಸೆಸರ್ ಕಾದು ಆಫ್ ಆಗುವುದಿದೆ. ಇಲ್ಲಿ ನಾಲ್ಕೂ ಗಟ್ಟಿ. ಪ್ರೊಸೆಸರನ್ನು ತೆಗೆಯಲು ಹೋಗಲಿಲ್ಲ. ಎಲ್‌ಜಿಎ1155 ಸಾಕೆಟ್‌ನಲ್ಲಿ ಪಿನ್‌ಗಳು ಬೋರ್ಡಿನಲ್ಲಿರುತ್ತವೆ, ಕೂದಲಿನಷ್ಟು ಸಪೂರ. ಬೇಡದಿದ್ದರೆ ಮುಟ್ಟದಿರುವುದೇ ಒಳ್ಳೆಯದು.

ಎಸ್‌ಎಂಪಿಎಸ್: ಕ್ಲಿಪ್ ಪರೀಕ್ಷೆಯನ್ನು ಮಾತ್ರ ನಂಬಬೇಡಿ

ಎಸ್‌ಎಂಪಿಎಸ್ ಪರೀಕ್ಷೆ ಅಂದರೆ ಎಲ್ಲರಿಗೂ ಗೊತ್ತಿರುವುದು ಪೇಪರ್ ಕ್ಲಿಪ್. 24 ಪಿನ್ ಕನೆಕ್ಟರನ್ನು ಬೋರ್ಡಿನಿಂದ ತೆಗೆದು, ಹಸಿರು ವಯರಿಗೂ ಯಾವುದಾದರೂ ಕಪ್ಪು ವಯರಿಗೂ ಕ್ಲಿಪ್ ಚುಚ್ಚುವುದು. ಹಸಿರು ವಯರ್ ಅಂದರೆ 'ಆನ್ ಆಗು' ಎಂದು ಬೋರ್ಡ್ ಹೇಳುವ ದಾರಿ. ಅದು ಕಪ್ಪಿಗೆ ತಾಗಿದರೆ ಎಸ್‌ಎಂಪಿಎಸ್ ಚಾಲೂ ಆಗಬೇಕು. ನಮ್ಮದು ಆಯಿತು. ಫ್ಯಾನ್ ಚೆನ್ನಾಗಿ ತಿರುಗಿತು. ಹಳದಿ ವಯರಿನಲ್ಲಿ 11.9 ವೋಲ್ಟ್, ಕೆಂಪಿನಲ್ಲಿ 5.1, ಕಿತ್ತಳೆಯಲ್ಲಿ 3.3. ಶೇಕಡಾ 5 ಹೆಚ್ಚುಕಡಿಮೆ ನಡೆಯುತ್ತದೆ, ಆ ಲೆಕ್ಕದಲ್ಲಿ ಎಲ್ಲವೂ ಪಾಸು.

ಇಲ್ಲಿಗೇ ನಿಲ್ಲಿಸಿ 'ಎಸ್‌ಎಂಪಿಎಸ್ ಸರಿ ಇದೆ, ಬೋರ್ಡೇ ಹೋಗಿದೆ' ಅನ್ನುವವರು ಜಾಸ್ತಿ. ಆದರೆ ಈ ಪರೀಕ್ಷೆಯಲ್ಲಿ ಎಸ್‌ಎಂಪಿಎಸ್ ಮೇಲೆ ಹೊರೆಯೇ ಇರುವುದಿಲ್ಲ. ಖಾಲಿ ಗಾಡಿ ಚಡಾವು ಹತ್ತಿತು ಅಂತ ಲೋಡು ಹೊತ್ತೂ ಹತ್ತುತ್ತದೆ ಅನ್ನಲು ಬರುತ್ತದಾ?

ನಿಜವಾದ ಪರೀಕ್ಷೆ ಬೋರ್ಡಿಗೆ ಜೋಡಿಸಿದ ಮೇಲೆ. ಕನೆಕ್ಟರ್ ಹಾಕಿದ ಹಾಗೇ ಇರಲಿ. ಅದರ ಹಿಂಭಾಗದಲ್ಲಿ ವಯರ್ ಒಳಹೋಗುವ ಜಾಗದಿಂದ ಮೀಟರಿನ ಚೂಪು ತುದಿಯನ್ನು ತೂರಿಸಬಹುದು. ಕಪ್ಪು ಪ್ರೋಬನ್ನು ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹಕ್ಕೆ ಹಿಡಿಯಿರಿ. ಕೆಂಪು ಪ್ರೋಬನ್ನು ಮೊದಲು ನೇರಳೆ ವಯರಿಗೆ ಇಡಿ. ನೇರಳೆ ಅಂದರೆ ಸ್ಟ್ಯಾಂಡ್‌ಬೈ 5 ವೋಲ್ಟ್. ಕಂಪ್ಯೂಟರ್ ಆಫ್ ಇದ್ದರೂ, ಪ್ಲಗ್ ಚುಚ್ಚಿ ಸ್ವಿಚ್ ಹಾಕಿದ್ದರೆ ಸಾಕು, ಇದು ಜೀವಂತ. ಪವರ್ ಬಟನ್ ಒತ್ತಿದ್ದು ಬೋರ್ಡಿಗೆ ಗೊತ್ತಾಗುವುದೇ ಈ ವೋಲ್ಟೇಜಿನಿಂದ. ಇದು 4.75ಕ್ಕಿಂತ ಕೆಳಗೆ ಹೋಗಬಾರದು.

ಬೋರ್ಡಿನಿಂದ ಬಿಚ್ಚಿದಾಗ ನೇರಳೆ ವಯರಿನಲ್ಲಿ 5.02 ಇತ್ತು. ಬೋರ್ಡಿಗೆ ಜೋಡಿಸಿದ ಕೂಡಲೇ 4.6. ಬಟನ್ ಒತ್ತಿದಾಗ 3.8ಕ್ಕೆ ಕುಸಿದು ಮತ್ತೆ ಏರಿತು. ಫ್ಯಾನ್ ತಿರುಗಿ ನಿಂತಾಗಲೆಲ್ಲ ಮೀಟರಿನ ಅಂಕಿಯೂ ಜೊತೆಗೇ ಬಿದ್ದು ಏಳುತ್ತಿತ್ತು. ಬೂದು ಬಣ್ಣದ ವಯರಿಗೂ ಇಟ್ಟು ನೋಡಿದೆ. ಅದು 'ವೋಲ್ಟೇಜ್ ಎಲ್ಲ ಸರಿಯಾಗಿದೆ' ಎಂದು ಎಸ್‌ಎಂಪಿಎಸ್ ಬೋರ್ಡಿಗೆ ಕೊಡುವ ಸೂಚನೆ. ಆನ್ ಆಗಿ 100ರಿಂದ 500 ಮಿಲಿಸೆಕೆಂಡ್ ಒಳಗೆ ಅದು 5 ವೋಲ್ಟಿನ ಹತ್ತಿರ ಬಂದು ನಿಲ್ಲಬೇಕು. ಅದು ಬರುವ ತನಕ ಬೋರ್ಡ್ ಪ್ರೊಸೆಸರನ್ನು ರಿಸೆಟ್‌ನಲ್ಲೇ ಹಿಡಿದಿಡುತ್ತದೆ. ನಮ್ಮದರಲ್ಲಿ ಒಂದು ವೋಲ್ಟನ್ನೂ ದಾಟಲಿಲ್ಲ.

ಅಲ್ಲಿಗೆ ಒಂದು ವಿಷಯ ಖಚಿತವಾಯಿತು. ಪ್ರೊಸೆಸರಿಗೆ ಕೆಲಸ ಶುರು ಮಾಡಲು ಅವಕಾಶವೇ ಸಿಕ್ಕಿಲ್ಲ. ಕೆಲಸವನ್ನೇ ಶುರು ಮಾಡದ ಬೋರ್ಡನ್ನು ಹೋಗಿದೆ ಅಂತ ಹೇಗೆ ಹೇಳುವುದು?

ಮನೆಯಿಂದ ನನ್ನ ಕಂಪ್ಯೂಟರಿನ ಎಸ್‌ಎಂಪಿಎಸ್ ಬಿಚ್ಚಿ ತಂದು ಜೋಡಿಸಿದೆ. 24 ಪಿನ್ನಿನ ಜೊತೆಗೆ ಪ್ರೊಸೆಸರ್ ಪಕ್ಕದ 4 ಪಿನ್ನಿನ 12 ವೋಲ್ಟ್ ಕನೆಕ್ಟರನ್ನೂ ಹಾಕಬೇಕು. ಅದನ್ನು ಬಿಟ್ಟರೆ ಫ್ಯಾನ್ ತಿರುಗುತ್ತದೆ, ಬೇರೇನೂ ಆಗುವುದಿಲ್ಲ. ಬಟನ್ ಒತ್ತಿದೆ. ಫ್ಯಾನ್ ನಿಲ್ಲದೆ ತಿರುಗಿತು. ನೇರಳೆ 5.05ರಲ್ಲಿ ಗಟ್ಟಿ ನಿಂತಿತು. ಬೂದು 5ಕ್ಕೆ ಬಂತು. ಮಾನಿಟರ್ ಮಾತ್ರ ಇನ್ನೂ ಕಪ್ಪು.

ಎರಡನೇ ತೊಂದರೆ

ಹಳೆ ಯಂತ್ರಗಳಲ್ಲಿ ಒಂದು ತೊಂದರೆಯ ಹಿಂದೆ ಇನ್ನೊಂದು ಅಡಗಿರುವುದು ಅಪರೂಪವಲ್ಲ. ಎಸ್‌ಎಂಪಿಎಸ್ ಬದಲಿಸಿದರೂ ಏಳಲಿಲ್ಲ ಎಂದು ಮೊದಲ ತೀರ್ಮಾನವನ್ನು ಬಿಡಬಾರದು. ಅಲ್ಲಿ ಅಳೆದ ಅಂಕಿ ಸುಳ್ಳಾಗುವುದಿಲ್ಲ. ಮುಂದಿನ ಪ್ರಶ್ನೆ ಕೇಳಬೇಕು, ಅಷ್ಟೇ.

ಈಗ ಬೇಕಾದದ್ದು ಬೋರ್ಡಿನ ಬಾಯಿ. ಈ ಕ್ಯಾಬಿನೆಟ್ಟಿನಲ್ಲಿ ಸ್ಪೀಕರ್ ಇರಲಿಲ್ಲ. ಬೋರ್ಡಿನ ಸ್ಪೀಕರ್ ಪಿನ್ನಿಗೆ ಚುಚ್ಚುವ ಸಣ್ಣ ಬಜರ್ ಒಂದು ನನ್ನ ಡಬ್ಬಿಯಲ್ಲಿ ಯಾವಾಗಲೂ ಇರುತ್ತದೆ. ಅದನ್ನು ಹಾಕಿ, ಎರಡೂ ರ‍್ಯಾಮ್ ತೆಗೆದು, ಆನ್ ಮಾಡಿದೆ. ಒಂದು ಉದ್ದ ಬೀಪ್, ಎರಡು ಗಿಡ್ಡ. ಸ್ವಲ್ಪ ಬಿಟ್ಟು ಮತ್ತೆ ಅದೇ. ಆ ಸದ್ದು ಕೇಳಿ ಆದ ಖುಷಿ ಅಷ್ಟಿಷ್ಟಲ್ಲ. ರ‍್ಯಾಮ್ ಇಲ್ಲ ಅಂತ ದೂರು ಹೇಳಬೇಕಾದರೆ ಪ್ರೊಸೆಸರ್ ಓಡುತ್ತಿರಬೇಕು, ಯಂತ್ರವನ್ನು ಮೊದಲು ಎಬ್ಬಿಸುವ ಬಯೋಸ್ ಚಿಪ್ಪಿನೊಳಗಿನ ಪ್ರೋಗ್ರಾಂ ಸರಿಯಿರಬೇಕು, ಬೋರ್ಡಿನ ಮುಖ್ಯ ದಾರಿಗಳೆಲ್ಲ ತೆರೆದಿರಬೇಕು. ಬೀಪಿನ ಲೆಕ್ಕ ಬಯೋಸಿನಿಂದ ಬಯೋಸಿಗೆ ಬೇರೆ ಇರುತ್ತದೆ. ಉದ್ದ ಎಷ್ಟು, ಗಿಡ್ಡ ಎಷ್ಟು ಅಂತ ಬಾಯಿಪಾಠ ಮಾಡಬೇಕಾಗಿಲ್ಲ. ರ‍್ಯಾಮ್ ತೆಗೆದಾಗ ಬೊಬ್ಬೆ ಹಾಕುತ್ತದಾ ಇಲ್ಲವಾ, ಅದು ಮುಖ್ಯ.

ಒಂದು ರ‍್ಯಾಮ್ ಹಾಕಿದೆ. ಬೀಪ್ ನಿಂತಿತು, ಪರದೆ ಕಪ್ಪು. ಅದನ್ನು ತೆಗೆದು ಇನ್ನೊಂದು ಹಾಕಿದರೂ ಹಾಗೇ. ಅದೇ ರ‍್ಯಾಮನ್ನು ಪಕ್ಕದ ಸ್ಲಾಟಿಗೆ ಹಾಕಿದಾಗ ಒಂದು ಗಿಡ್ಡ ಬೀಪ್, ಪರದೆಯಲ್ಲಿ ಬಿಳಿ ಅಕ್ಷರ! ಅಂದರೆ ರ‍್ಯಾಮ್ ಸರಿ, ಮೊದಲನೇ ಸ್ಲಾಟ್ ಹಾಳು.

ಟಾರ್ಚ್ ಹಿಡಿದು ಸ್ಲಾಟಿನೊಳಗೆ ನೋಡಿದೆ. ಡಿಡಿಆರ್3 ರ‍್ಯಾಮಿಗೆ 240 ಕಾಲುಗಳು, ಸ್ಲಾಟಿನಲ್ಲೂ ಅಷ್ಟೇ ಸಣ್ಣ ಸ್ಪ್ರಿಂಗ್‌ಗಳು. ಒಂದು ಬದಿಯಲ್ಲಿ, ಲಾಚ್ ಹತ್ತಿರದ ಐದಾರು ಸ್ಪ್ರಿಂಗ್‌ಗಳ ಬುಡದಲ್ಲಿ ತಿಳಿ ಹಸಿರು ಪುಡಿ ಕೂತಿತ್ತು. ಹಳೆ ತಾಮ್ರದ ಚೊಂಬಿನ ಅಂಚಿಗೆ ಹಿಡಿಯುವ ಕಿಲುಬು ಇದು. ಅದರ ಮೇಲೆ ಧೂಳು, ಧೂಳಿನ ಮೇಲೆ ಪಸೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ, ಕಿಟಕಿ ಪಕ್ಕ ಇಟ್ಟ ಯಂತ್ರಕ್ಕೆ ಹೀಗಾಗದಿದ್ದರೇ ಆಶ್ಚರ್ಯ. ಧೂಳು ಒಣಗಿದ್ದರೆ ಸುಮ್ನೆ ಕೂತಿರುತ್ತದೆ. ಪಸೆ ಹಿಡಿದರೆ ಅದು ಕರೆಂಟು ಹರಿಯುವ ದಾರಿಯಾಗುತ್ತದೆ, ಲೋಹವನ್ನು ತಿನ್ನುತ್ತದೆ.

ತೊಳೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು, ಶೇಕಡಾ 99ರದ್ದು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ. ಅದರಲ್ಲಿ ನೀರಿದೆ, ಎಷ್ಟೋ ಬಾಟಲಿಗಳಲ್ಲಿ ಗ್ಲಿಸರಿನ್ ಕೂಡ ಇದೆ, ಅದು ಅಂಟಾಗಿ ಉಳಿಯುತ್ತದೆ. ಪ್ಲಗ್ ಎಳೆದು, ಮೆತ್ತಗಿನ ಹಲ್ಲುಜ್ಜುವ ಬ್ರಷ್ಷನ್ನು ಆಲ್ಕೋಹಾಲಿನಲ್ಲಿ ಅದ್ದಿ ಸ್ಲಾಟಿನ ಉದ್ದಕ್ಕೆ ಉಜ್ಜಿದೆ, ಅಡ್ಡಕ್ಕೆ ಅಲ್ಲ. ಅಡ್ಡ ಉಜ್ಜಿದರೆ ಸ್ಪ್ರಿಂಗ್ ಬಾಗುತ್ತದೆ. ರ‍್ಯಾಮಿನ ಚಿನ್ನದ ಬಣ್ಣದ ಕಾಲುಗಳನ್ನು ಆಲ್ಕೋಹಾಲ್ ಬಟ್ಟೆಯಿಂದ ಒರೆಸಿದೆ. ರಬ್ಬರ್ ಹಾಕಿ ಉಜ್ಜುವ ರೂಢಿ ಎಲ್ಲ ಕಡೆ ಇದೆ. ಕಪ್ಪಾಗಿದ್ದರೆ ಮಾತ್ರ, ಅದೂ ಬಿಳಿ ಮೆತ್ತಗಿನ ರಬ್ಬರಿನಲ್ಲಿ ಹಗುರವಾಗಿ ಉಜ್ಜಬಹುದು ಅಂತ ನನ್ನ ಅಭಿಪ್ರಾಯ. ಆ ಚಿನ್ನದ ಲೇಪ ತುಂಬಾ ತೆಳು. ಪ್ರತಿ ಮಳೆಗಾಲ ರಬ್ಬರ್ ಹಾಕಿದರೆ ಕೆಳಗಿನ ಲೋಹ ಮೇಲೆ ಬರುತ್ತದೆ, ಆಮೇಲೆ ಕಿಲುಬು ಇನ್ನೂ ಬೇಗ.

ಆಟಿಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಟೇಬಲ್ ಫ್ಯಾನಿನ ಎದುರು ಬೋರ್ಡನ್ನು ರಾತ್ರಿಯಿಡೀ ಇಟ್ಟೆ. ಒಲೆಯ ಮೇಲಿನ ಅಟ್ಟದಲ್ಲಿಡಿ ಅಂತ ಯಾರೋ ಹೇಳಿದರು. ಹೊಗೆಯ ಜಿಡ್ಡು ಬೋರ್ಡಿಗೆ ಒಳ್ಳೆಯದಲ್ಲ, ಬೇಡ ಅಂದೆ. ಬೆಳಿಗ್ಗೆ ಎರಡೂ ಸ್ಲಾಟಿಗೆ ರ‍್ಯಾಮ್ ಹಾಕಿದಾಗ ಪೂರ್ತಿ 4 ಜಿಬಿ ತೋರಿಸಿತು. ಆದರೂ ಕಣ್ಣಿಗೆ ಕಂಡಿದ್ದನ್ನೇ ನಂಬದೆ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವಿನಿಂದ ಓಡಿಸಿದೆ. ಒಂದು ತಪ್ಪೂ ಬರಲಿಲ್ಲ.

ಗಡಿಯಾರ ಮತ್ತು ನೀಲಿ ಪರದೆ

ಬಿಳಿ ಅಕ್ಷರದಲ್ಲಿ ಬಂದಿದ್ದು ಸಿಮಾಸ್ ಚೆಕ್‌ಸಮ್ ಎರರ್. ಬಯೋಸ್ ನೆನಪಿಟ್ಟುಕೊಂಡ ಸೆಟ್ಟಿಂಗ್ ಕೆಟ್ಟಿದೆ ಅಂತ ಅದರ ಅರ್ಥ. ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗಿತ್ತು. ವಾಚನಾಲಯದ ರಿಜಿಸ್ಟರಿನಲ್ಲಿ ಕೆಲವು ಪುಸ್ತಕಗಳಿಗೆ ವಿಚಿತ್ರ ತಾರೀಕು ಬಿದ್ದಿರುವುದನ್ನು ಮೊದಲೇ ಗಮನಿಸಿದ್ದೆವು, ಕಾರಣ ಈಗ ಗೊತ್ತಾಯಿತು. ಬೋರ್ಡಿನ ಬಿಲ್ಲೆ ಬ್ಯಾಟರಿ 2.2 ವೋಲ್ಟಿಗೆ ಇಳಿದಿತ್ತು. ಇರಬೇಕಾದ್ದು 3. ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಆ ಅಂಕಿಯಲ್ಲೇ ಅಳತೆ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಕೊಟ್ಟರೆ ತೆಳುವಾಗುತ್ತದೆ, ಸರಿಯಾಗಿ ತಾಗುವುದಿಲ್ಲ. ಹೊಸತು ಹಾಕಿ ತಾರೀಕು, ಗಂಟೆ ಸರಿ ಮಾಡಿದೆ.

ಈಗ ಹಾರ್ಡ್ ಡಿಸ್ಕ್ ಜೋಡಿಸಬಹುದಿತ್ತು, ಆದರೆ ಅದಕ್ಕೂ ಮೊದಲು ಅದರೊಳಗಿನದ್ದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿದೆ. ಹತ್ತಿರದ ಶಾಲೆಯ ಅಧ್ಯಾಪಕರ ಬಳಿ, ಕೇರಳ ಸರಕಾರದ ಶಾಲಾ ಕಂಪ್ಯೂಟರ್ ಶಿಕ್ಷಣದ ಸಂಸ್ಥೆ ಕೈಟ್ ಶಾಲೆಗಳಿಗೆ ಕೊಡುವ ಗ್ನೂ ಲಿನಕ್ಸ್ ಇತ್ತು. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಶುರುವಾಯಿತು, 2017ರಲ್ಲಿ ಅದು ಕೈಟ್ ಆಯಿತು. ಇಲ್ಲಿಯ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲೇ. ಆ ಪೆನ್‌ಡ್ರೈವಿನಿಂದ ನನ್ನ ಲ್ಯಾಪ್‌ಟಾಪ್ ಆನ್ ಮಾಡಿ, ಸಾಟಾ–ಯುಎಸ್‌ಬಿ ಕೇಬಲಿನಲ್ಲಿ ಡಿಸ್ಕ್ ಸಿಕ್ಕಿಸಿದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಮೊದಲು ನೋಡಬೇಕಾದ್ದು ಎರಡು ಸಾಲು, ಬದಲಿಸಿದ ಸೆಕ್ಟರ್‌ಗಳು ಎಷ್ಟು, ಓದಲಾಗದೆ ಬಾಕಿ ನಿಂತ ಸೆಕ್ಟರ್‌ಗಳು ಎಷ್ಟು. ಎರಡೂ ಸೊನ್ನೆ! ಶೇಣಿಯವರ ದನಿ ಉಳಿದಿತ್ತು. ಒಂದು ಫೈಲ್ ತೆರೆದು ಸ್ವಲ್ಪ ಹೊತ್ತು ಕೇಳಿದೆವು, ವಾಚನಾಲಯದಲ್ಲಿ ಕೂತಿದ್ದವರೆಲ್ಲ ಹತ್ತಿರ ಬಂದರು.

ನುಡಿಯಲ್ಲಿ ಟೈಪ್ ಮಾಡಿದ ಹಳೆ ಫೈಲ್ ಇರುವವರು ಒಂದು ಮಾತು ನೆನಪಿಡಿ. ಫೈಲ್ ಮಾತ್ರ ಕಾಪಿ ಮಾಡಿದರೆ ಸಾಲದು, ಫಾಂಟ್ ಫೋಲ್ಡರನ್ನೂ ಕಾಪಿ ಮಾಡಿ. ಹಳೆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ, ಫೈಲ್ ಹಾಳಾಗಿದೆ ಅಂತ ಅಳಿಸಿಬಿಡುವವರೂ ಇದ್ದಾರೆ. ಹಾಳಾಗಿರುವುದಿಲ್ಲ. ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳಿವೆ. ಇಲ್ಲಿಯ ಟಿಪ್ಪಣಿಗಳನ್ನು ಹಾಗೆ ಬದಲಿಸುವ ಕೆಲಸ ಈಗ ನಡೆಯುತ್ತಿದೆ. ಒತ್ತಕ್ಷರ, ಅರ್ಕಾವೊತ್ತು ಇರುವ ಕಡೆ ಕೆಲವು ಪದ ತಪ್ಪಾಗುತ್ತವೆ, ಕೂತು ಓದಿ ತಿದ್ದಬೇಕು.

ಕಾಪಿ ಮುಗಿಸಿ ಡಿಸ್ಕ್ ಜೋಡಿಸಿ ಆನ್ ಮಾಡಿದರೆ ವಿಂಡೋಸಿನ ಲಾಂಛನ ಬಂತು. ಕೂಡಲೇ ನೀಲಿ ಪರದೆ ಮಿಂಚಿ ಮಾಯವಾಗಿ ರೀಸ್ಟಾರ್ಟ್. ಇಲ್ಲಿ ಹೆದರಿ ಫಾರ್ಮ್ಯಾಟ್ ಮಾಡುವವರು ಎಷ್ಟು ಮಂದಿ! ಆನ್ ಆಗುವಾಗ ಎಫ್8 ಒತ್ತಿ, ತಾನಾಗಿ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸಿದರೆ ನೀಲಿ ಪರದೆ ಹಾಗೇ ನಿಲ್ಲುತ್ತದೆ. ಕೋಡಿನ ಕೊನೆ 7ಬಿ. ವಿಂಡೋಸಿಗೆ ತಾನಿರುವ ಡಿಸ್ಕೇ ಕಾಣುತ್ತಿಲ್ಲ ಎಂದು ಅದರ ಅರ್ಥ. ಡಿಸ್ಕ್ ಸರಿಯಿದೆ ಅಂತ ಈಗಷ್ಟೇ ನೋಡಿದ್ದೇವೆ ಅಲ್ವಾ? ಬ್ಯಾಟರಿ ಹೋದಾಗ ಬಯೋಸಿನ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿ, ಡಿಸ್ಕಿನ ಜೊತೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಕಂಪನಿ ಕೊಟ್ಟ ಹಾಗೆ ಐಡಿಇಗೆ ಮರಳಿತ್ತು. ವಿಂಡೋಸ್ ಹಾಕುವಾಗ ಎಎಚ್‌ಸಿಐಯಲ್ಲಿ ಹಾಕಿದ್ದರು. ಡಿಲೀಟ್ ಕೀ ಒತ್ತಿ ಬಯೋಸಿಗೆ ಹೋಗಿ, ಎಎಚ್‌ಸಿಐ ಆರಿಸಿ, ಎಫ್10 ಒತ್ತಿ ಉಳಿಸಿದೆ. ವಿಂಡೋಸ್ ಪೂರ್ತಿ ತೆರೆಯಿತು. ಡೆಸ್ಕ್‌ಟಾಪಿನಲ್ಲಿ ಪುಸ್ತಕ ಪಟ್ಟಿ ಇಟ್ಟ ಜಾಗದಲ್ಲೇ ಇತ್ತು.

ಹಳೆ ಎಸ್‌ಎಂಪಿಎಸ್ ಒಳಗೆ

ಕಾರಣ ಕಣ್ಣಾರೆ ನೋಡಬೇಕು ಅಂತ ಅದನ್ನು ಬಿಚ್ಚಿದೆ. ಇದನ್ನು ಓದಿ ಎಲ್ಲರೂ ಬಿಚ್ಚಬೇಡಿ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದರೆ ಸುಮಾರು 325 ವೋಲ್ಟ್ ಆಗುತ್ತದೆ. ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ಎಳೆದ ಮೇಲೂ ಅದನ್ನು ಹಿಡಿದಿಟ್ಟುಕೊಂಡಿರಬಹುದು. ಅದು ಜುಂ ಅನ್ನುವುದಿಲ್ಲ, ಜೀವ ತೆಗೆಯುತ್ತದೆ. ಪ್ಲಗ್ ಎಳೆದು ಒಂದು ದಿನ ಬಿಟ್ಟು, ಮೀಟರಿನಲ್ಲಿ ಡಿಸಿ ಸೊನ್ನೆ ಅಂತ ಖಾತ್ರಿಯಾದ ಮೇಲೆ ಕೈ ಹಾಕಿದೆ.

ಸ್ಟ್ಯಾಂಡ್‌ಬೈ ಭಾಗದ 1000 ಮೈಕ್ರೋಫ್ಯಾರಡಿನ ಎರಡು ಕೆಪಾಸಿಟರ್‌ಗಳು ತಲೆ ಉಬ್ಬಿ ನಿಂತಿದ್ದವು. ಒಂದರ ತಲೆಯ ಮೇಲಿನ ಅಡ್ಡ ಗೆರೆ ಒಡೆದು ಕಂದು ಹಕ್ಕಳೆ ಹೊರಬಂದಿತ್ತು. ಕೆಪಾಸಿಟರ್ ಒಳಗಿನ ದ್ರವ ಒಣಗಿದರೆ ಅದು ವೋಲ್ಟೇಜಿನ ಏರಿಳಿತ ಹಿಡಿಯುವುದಿಲ್ಲ. ಹೊರೆ ಇಲ್ಲದಾಗ 5 ತೋರಿಸುತ್ತದೆ, ಹೊರೆ ಬಿದ್ದರೆ ಕುಸಿಯುತ್ತದೆ. ನಾವು ಅಳೆದದ್ದು ಅದನ್ನೇ. ಕಂಪ್ಯೂಟರ್ ಆಫ್ ಇದ್ದರೂ ಈ ಭಾಗ ಹಗಲು ರಾತ್ರಿ ಓಡುತ್ತಿರುತ್ತದೆ. ವಾಚನಾಲಯದಲ್ಲಿ ಗೋಡೆಯ ಸ್ವಿಚ್ ಆಫ್ ಮಾಡುವ ಅಭ್ಯಾಸವೇ ಇರಲಿಲ್ಲ.

105 ಡಿಗ್ರಿ ತಾಳುವ ಕಡಿಮೆ ಇಎಸ್‌ಆರ್ (ಒಳಗಿನ ತಡೆ) ಇರುವ ಕೆಪಾಸಿಟರ್ ಹಾಕಿದರೆ ಇದು ಮತ್ತೆ ಓಡೀತು. ಆದರೆ ವಾಚನಾಲಯಕ್ಕೆ ಅದನ್ನು ವಾಪಸ್ ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಅಗ್ಗದ ಕೆಲವು ವಿನ್ಯಾಸಗಳಲ್ಲಿ ಸ್ಟ್ಯಾಂಡ್‌ಬೈ ಭಾಗವನ್ನು ಹತೋಟಿಯಲ್ಲಿಡುವ ಸಣ್ಣ ಕೆಪಾಸಿಟರ್ ಒಣಗಿದರೆ ವೋಲ್ಟೇಜ್ ಇಳಿಯುವ ಬದಲು ಏರುತ್ತದೆ. ಆಗ ನಿಜವಾಗಿಯೂ ಬೋರ್ಡ್ ಹೋಗುತ್ತದೆ. ಹೊಸ ಎಸ್‌ಎಂಪಿಎಸ್ ತಗೊಂಡೆವು. ತಗೊಳ್ಳುವಾಗ ದೊಡ್ಡ ಅಕ್ಷರದ ವ್ಯಾಟ್ ನೋಡಬೇಡಿ, ಲೇಬಲ್‌ನಲ್ಲಿ 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ. ಹಳೆಯದರ ಮೇಲೆ 450 ಅಂತ ಬರೆದಿತ್ತು, 12 ವೋಲ್ಟಿಗೆ ಮಾತ್ರ 16 ಆಂಪಿಯರ್, ಅಂದರೆ 192 ವ್ಯಾಟ್. ಕರೆಂಟು ಕಡಿಮೆ ಪೋಲು ಮಾಡುತ್ತದೆ ಅನ್ನುವ 80 ಪ್ಲಸ್ ಗುರುತಿನ 400 ವ್ಯಾಟಿನದ್ದು ಇಂಥ ಯಂತ್ರಕ್ಕೆ ಧಾರಾಳ ಸಾಕು.

ಕಂಪ್ಯೂಟರನ್ನು ಕಿಟಕಿ ಪಕ್ಕದಿಂದ ಒಳಗೋಡೆಯ ಬದಿಗೆ ತಂದು, ನೆಲದಿಂದ ಎತ್ತರಕ್ಕೆ ಇಟ್ಟಿದ್ದೇವೆ. ಮಳೆಗಾಲದಲ್ಲಿ ಕೆಲಸವಿರಲಿ ಬಿಡಲಿ, ದಿನಾ ಅರ್ಧ ಗಂಟೆಯಾದರೂ ಆನ್ ಮಾಡಬೇಕು ಅಂತ ಹೇಳಿದ್ದೇನೆ. ಒಳಗಿನ ಬಿಸಿಗೆ ಪಸೆ ಆರುತ್ತದೆ. ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ ಆಫ್. ತುಲಾ ತಿಂಗಳ ಮಳೆಯಲ್ಲಿ, ಅಂದರೆ ಅಕ್ಟೋಬರ್–ನವೆಂಬರಿನ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೇ ಎಳೆಯಬೇಕು, ನೆಟ್‌ವರ್ಕ್ ಕೇಬಲನ್ನೂ. ಸ್ಪೈಕ್ ಬಸ್ಟರ್ ಇದೆಯಲ್ಲ ಅಂತ ಬಿಡಬೇಡಿ. ಹತ್ತಿರ ಬಿದ್ದ ಸಿಡಿಲನ್ನು ಅದು ತಡೆಯುವುದಿಲ್ಲ.

ವಿಂಡೋಸ್ 7ಕ್ಕೆ 2020ರ ಜನವರಿ 14ರ ನಂತರ ಭದ್ರತೆಯ ಅಪ್‌ಡೇಟ್ ನಿಂತಿದೆ. ಆದ್ದರಿಂದ ನುಡಿ ಕೆಲಸಕ್ಕೆ ಮಾತ್ರ ಅದನ್ನು ಇಟ್ಟುಕೊಂಡು, ಅದರಲ್ಲಿ ಇಂಟರ್ನೆಟ್ ಕಿತ್ತಿದ್ದೇವೆ. ಒಂದು ಸಣ್ಣ ಎಸ್‌ಎಸ್‌ಡಿ ಸಿಕ್ಕಿದರೆ ಅದರಲ್ಲಿ ಲಿನಕ್ಸ್ ಹಾಕುವ ಯೋಚನೆ ಇದೆ. ಡಿಸ್ಕಿನ ಒಂದು ಕಾಪಿ ನನ್ನ ಮನೆಯಲ್ಲಿದೆ, ಇನ್ನೊಂದು ವಾಚನಾಲಯದ ಕಾರ್ಯದರ್ಶಿಯವರ ಬಳಿ. ಉಬ್ಬಿದ ಕೆಪಾಸಿಟರ್‌ಗಳನ್ನು ಮಕ್ಕಳಿಗೆ ತೋರಿಸಲು ಒಂದು ಡಬ್ಬಿಯಲ್ಲಿಟ್ಟು, ಎಸ್‌ಎಂಪಿಎಸ್‌ನ ಉಳಿದ ಭಾಗವನ್ನು ಇ-ತ್ಯಾಜ್ಯ ತೆಗೆದುಕೊಳ್ಳುವ ಸಮಯದಲ್ಲಿ ಮನೆ ಮನೆಯ ತ್ಯಾಜ್ಯ ಸಂಗ್ರಹಿಸುವ ಹರಿತ ಕರ್ಮ ಸೇನೆಯವರಿಗೆ ಕೊಡಲು ಕಟ್ಟಿಟ್ಟಿದ್ದೇನೆ.